ಕೀಟಗಳ ಮ್ಯಾಕ್ರೋ ಛಾಯಾಗ್ರಹಣ

ಕೀಟಗಳ ಮ್ಯಾಕ್ರೋ ಛಾಯಾಗ್ರಹಣ ಎಂದರೆ ಬರಿಗಣ್ಣಿಗೆ ಚುಕ್ಕೆಯಂತೆ ಕಾಣುವ ಸಣ್ಣ ಕೀಟಗಳ ಬಿಂಬವನ್ನು, ಅಧಿಕ ವರ್ಧನೆಯ ಮಸೂರದ ನೆರವಿನಿಂದ, ಕ್ಯಾಮೆರಾದ ಸಂವೇದಕದ ಮೇಲೆ ನಿಜಗಾತ್ರಕ್ಕೆ ಸಮನಾಗಿ ಅಥವಾ ಅದಕ್ಕಿಂತ ದೊಡ್ಡದಾಗಿ ಮೂಡಿಸುವ ಛಾಯಾಗ್ರಹಣ ಪ್ರಕಾರ. ಒಂದು ಮಿಲಿಮೀಟರಿನಿಂದ ಒಂದು ಸೆಂಟಿಮೀಟರಿನವರೆಗಿನ ಉದ್ದದ ಜೀವಿಗಳು ಇದರ ಮುಖ್ಯ ವಸ್ತು. ವರ್ಧನೆ ಹೆಚ್ಚಿದಂತೆ ಬೆಳಕು, ಸ್ಪಷ್ಟತೆಯ ಆಳ ಮತ್ತು ಸ್ಥಿರತೆ ಈ ಮೂರೂ ಏಕಕಾಲಕ್ಕೆ ಕುಗ್ಗುತ್ತವೆ. ಈ ಪ್ರಕಾರದ ಉಪಕರಣಗಳು ಹಾಗೂ ವಿಧಾನಗಳು ಬಹುಪಾಲು ಈ ನಷ್ಟವನ್ನು ತುಂಬಿಕೊಳ್ಳುವ ಉಪಾಯಗಳೇ ಆಗಿವೆ. ಕಲೆಯಾಗಿ ಆರಂಭವಾದರೂ ಕೀಟಶಾಸ್ತ್ರ, ಕೃಷಿ ವಿಸ್ತರಣೆ ಮತ್ತು ಜೀವವೈವಿಧ್ಯದ ದಾಖಲಾತಿಯಲ್ಲಿ ಇದು ಇಂದು ವ್ಯಾಪಕವಾಗಿ ಬಳಕೆಯಾಗುತ್ತಿದೆ. ಟೊಮ್ಯಾಟೊ, ಮಾವು ಮತ್ತು ಹಿಪ್ಪುನೇರಳೆಯನ್ನು ನಂಬಿದ ಕೋಲಾರದಂತಹ ಜಿಲ್ಲೆಯಲ್ಲಿ ಬೆಳೆಯ ಶತ್ರುವನ್ನೂ ಮಿತ್ರನನ್ನೂ ಬೇರ್ಪಡಿಸಿ ನೋಡಲು ಇದು ನೆರವಾಗುತ್ತದೆ.

ವರ್ಧನೆಯ ಅಳತೆ

ವಸ್ತುವಿನ ನಿಜಗಾತ್ರಕ್ಕೂ ಸಂವೇದಕದ ಮೇಲೆ ಮೂಡುವ ಬಿಂಬದ ಗಾತ್ರಕ್ಕೂ ಇರುವ ಅನುಪಾತವನ್ನು ವರ್ಧನೆ ಎನ್ನುತ್ತಾರೆ. 5 ಮಿ.ಮೀ. ಉದ್ದದ ಇರುವೆಯ ಬಿಂಬವು 5 ಮಿ.ಮೀ. ಇದ್ದರೆ ವರ್ಧನೆ 1 ಪಟ್ಟು, 25 ಮಿ.ಮೀ. ಇದ್ದರೆ 5 ಪಟ್ಟು. ಚಿತ್ರವನ್ನು ಪರದೆಯ ಮೇಲೆ ಎಷ್ಟು ಹಿಗ್ಗಿಸಿ ನೋಡಲಾಗುತ್ತದೆ ಎಂಬುದು ಈ ಲೆಕ್ಕಕ್ಕೆ ಸೇರುವುದಿಲ್ಲ. ಕಟ್ಟುನಿಟ್ಟಾದ ಅರ್ಥದಲ್ಲಿ 1 ಪಟ್ಟು ಮತ್ತು ಅದಕ್ಕಿಂತ ಹೆಚ್ಚಿನ ವರ್ಧನೆಯ ಚಿತ್ರಗಳನ್ನು ಮಾತ್ರ ಮ್ಯಾಕ್ರೋ ಎಂದು ಕರೆಯಬೇಕು. ಅದಕ್ಕಿಂತ ಕಡಿಮೆಯದು ಸಮೀಪ ಛಾಯಾಗ್ರಹಣ. ವರ್ಧನೆ ಸುಮಾರು 20 ಪಟ್ಟನ್ನು ದಾಟಿದಾಗ ಸಾಮಾನ್ಯವಾಗಿ ಸೂಕ್ಷ್ಮದರ್ಶಕದ ಮೂಲಕ ಚಿತ್ರ ತೆಗೆಯುವ ಕ್ಷೇತ್ರ ಆರಂಭವಾಗುತ್ತದೆ.

ವರ್ಧನೆ ಹೆಚ್ಚಿದಂತೆ ಚೌಕಟ್ಟಿನಲ್ಲಿ ಸೆರೆಯಾಗುವ ಪ್ರದೇಶ ಕಿರಿದಾಗುತ್ತದೆ. 36 × 24 ಮಿ.ಮೀ. ಅಳತೆಯ ಪೂರ್ಣ ಚೌಕಟ್ಟಿನ ಸಂವೇದಕದಲ್ಲಿ 5 ಪಟ್ಟು ವರ್ಧನೆಗೆ ದೊರೆಯುವ ಪ್ರದೇಶ ಕೇವಲ 7.2 × 4.8 ಮಿ.ಮೀ. ಅಂದರೆ ಒಂದು ಭತ್ತದ ಕಾಳು ಉದ್ದುದ್ದಕ್ಕೆ ತುಂಬುವಷ್ಟು ಜಾಗ.

ಇತಿಹಾಸ

ಕೀಟಗಳ ಸೂಕ್ಷ್ಮ ರೂಪವನ್ನು ಚಿತ್ರಿಸುವ ಪ್ರಯತ್ನ ಛಾಯಾಗ್ರಹಣಕ್ಕಿಂತ ಹಳೆಯದು. ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ 1665ರಲ್ಲಿ ಪ್ರಕಟಿಸಿದ ‘ಮೈಕ್ರೊಗ್ರಾಫಿಯಾ’ ಗ್ರಂಥದಲ್ಲಿ ಚಿಗಟ, ಹೇನು, ಇರುವೆ ಮುಂತಾದವುಗಳ ದೊಡ್ಡ ಚಿತ್ರಗಳಿವೆ. ಇರುವೆ ಸುಮ್ಮನಿರದ ಕಾರಣ ಅದಕ್ಕೆ ಬ್ರಾಂದಿಯ ಹನಿ ಹಾಕಿ ನಿಶ್ಚಲಗೊಳಿಸಬೇಕಾಯಿತೆಂದು ಹುಕ್ ಆ ಗ್ರಂಥದಲ್ಲಿಯೇ ದಾಖಲಿಸಿದ್ದಾರೆ. ಜೀವಂತ ಕೀಟವನ್ನು ನಿಲ್ಲಿಸುವುದು ಹೇಗೆಂಬ ಆ ಸಮಸ್ಯೆ ಇಂದಿಗೂ ಈ ಕ್ಷೇತ್ರದಲ್ಲಿ ಉಳಿದಿದೆ.

35 ಮಿ.ಮೀ. ಕ್ಯಾಮೆರಾಗಳಿಗೆ ಮೀಸಲಾದ ಮೊದಲ ಮ್ಯಾಕ್ರೋ ಮಸೂರವೆಂದು ಪರಿಗಣಿಸಲಾಗುವ ಮ್ಯಾಕ್ರೋ-ಕಿಲಾರ್ 1955ರಲ್ಲಿ ಬಂದಿತು. ನಂತರದ ದಶಕಗಳಲ್ಲಿ ಹೆಚ್ಚಿನ ವರ್ಧನೆಗಾಗಿ ಮಡಿಕೆ ಚರ್ಮದ ಬೆಲ್ಲೋಸ್‌ಗೆ ಜೋಡಿಸುವ ವಿಶೇಷ ಮಸೂರಗಳು ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿದ್ದವು. 1999ರಲ್ಲಿ ಕ್ಯಾನನ್ ಸಂಸ್ಥೆ ಹೊರತಂದ ಎಂಪಿ-ಇ 65 ಮಿ.ಮೀ. ಮಸೂರವು 1ರಿಂದ 5 ಪಟ್ಟಿನವರೆಗಿನ ವರ್ಧನೆಯನ್ನು ಯಾವ ಜೋಡಣೆಯೂ ಇಲ್ಲದೆ ಕ್ಷೇತ್ರದಲ್ಲಿಯೇ ಸಾಧ್ಯವಾಗಿಸಿತು. 2018ರಲ್ಲಿ ಲಾವೋವಾ ಸಂಸ್ಥೆಯ 25 ಮಿ.ಮೀ. ಮಸೂರ 2.5ರಿಂದ 5 ಪಟ್ಟು ವರ್ಧನೆಯೊಂದಿಗೆ ಹಲವು ಕಂಪನಿಗಳ ಕ್ಯಾಮೆರಾಗಳಿಗೆ ದೊರೆಯಿತು. ಡಿಜಿಟಲ್ ಕ್ಯಾಮೆರಾ ಮತ್ತು ಹಲವು ಚಿತ್ರಗಳನ್ನು ಒಂದಾಗಿಸುವ ತಂತ್ರಾಂಶಗಳು ಬಂದ ನಂತರ ಈ ಪ್ರಕಾರ ಹವ್ಯಾಸಿಗಳಲ್ಲಿಯೂ ಹರಡಿತು. ಬ್ರಿಟಿಷ್ ಛಾಯಾಗ್ರಾಹಕ ಲೆವನ್ ಬಿಸ್ 2016ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ನಿಸರ್ಗ ಇತಿಹಾಸ ಸಂಗ್ರಹಾಲಯದಲ್ಲಿ ಪ್ರದರ್ಶಿಸಿದ ‘ಮೈಕ್ರೊಸ್ಕಲ್ಪ್ಚರ್’ ಸರಣಿಯ ಒಂದೊಂದು ಕೀಟದ ಚಿತ್ರವೂ ಸಾವಿರಾರು ಬಿಡಿಚಿತ್ರಗಳ ಜೋಡಣೆಯಾಗಿದೆ.

ದ್ಯುತಿಶಾಸ್ತ್ರೀಯ ತತ್ವಗಳು

ಸ್ಪಷ್ಟತೆಯ ಆಳ: ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುವ ಭಾಗದ ದಪ್ಪವನ್ನು ಸ್ಪಷ್ಟತೆಯ ಆಳ ಎನ್ನುತ್ತಾರೆ. ಅಧಿಕ ವರ್ಧನೆಯಲ್ಲಿ ಇದು ದ್ಯುತಿರಂಧ್ರ ಮತ್ತು ವರ್ಧನೆ ಎರಡನ್ನು ಮಾತ್ರ ಅವಲಂಬಿಸಿರುತ್ತದೆ. ಮಸೂರದ ಸಂಗಮದೂರ ಬದಲಾದರೂ ಹೆಚ್ಚಿನ ವ್ಯತ್ಯಾಸವಾಗುವುದಿಲ್ಲ. ದ್ಯುತಿರಂಧ್ರವನ್ನು ಎಫ್/5.6ರಲ್ಲಿ ಇರಿಸಿ, 0.03 ಮಿ.ಮೀ. ಮಸುಕು ವೃತ್ತವನ್ನು ಒಪ್ಪಿಕೊಂಡು ಲೆಕ್ಕ ಹಾಕಿದಾಗ ಪೂರ್ಣ ಚೌಕಟ್ಟಿನ ಕ್ಯಾಮೆರಾದಲ್ಲಿ ದೊರೆಯುವ ಅಂದಾಜು ಅಳತೆಗಳು ಹೀಗಿವೆ:

• 1 ಪಟ್ಟು: ಕಾಣುವ ಪ್ರದೇಶ 36 × 24 ಮಿ.ಮೀ., ಸ್ಪಷ್ಟತೆಯ ಆಳ 0.67 ಮಿ.ಮೀ.
• 2 ಪಟ್ಟು: ಕಾಣುವ ಪ್ರದೇಶ 18 × 12 ಮಿ.ಮೀ., ಸ್ಪಷ್ಟತೆಯ ಆಳ 0.25 ಮಿ.ಮೀ.
• 3 ಪಟ್ಟು: ಕಾಣುವ ಪ್ರದೇಶ 12 × 8 ಮಿ.ಮೀ., ಸ್ಪಷ್ಟತೆಯ ಆಳ 0.15 ಮಿ.ಮೀ.
• 5 ಪಟ್ಟು: ಕಾಣುವ ಪ್ರದೇಶ 7.2 × 4.8 ಮಿ.ಮೀ., ಸ್ಪಷ್ಟತೆಯ ಆಳ 0.08 ಮಿ.ಮೀ.

0.08 ಮಿ.ಮೀ. ಎಂದರೆ ಹೆಚ್ಚುಕಡಿಮೆ ಒಂದು ತಲೆಗೂದಲಿನ ದಪ್ಪ. ಕೀಟದ ಕಣ್ಣು ಸ್ಪಷ್ಟವಾಗಿದ್ದರೆ ಮೀಸೆಯ ತುದಿ ಮಸುಕಾಗುವುದು ಇದೇ ಕಾರಣಕ್ಕೆ.

ಬೆಳಕಿನ ನಷ್ಟ: ವರ್ಧನೆ ಹೆಚ್ಚಿದಂತೆ ಮಸೂರದಿಂದ ಬರುವ ಬೆಳಕು ದೊಡ್ಡ ಬಿಂಬದ ಮೇಲೆ ಹರಡಿ ತೆಳುವಾಗುತ್ತದೆ. ಸಾಮಾನ್ಯ ಮಸೂರದಲ್ಲಿ ಪರಿಣಾಮಕಾರಿ ದ್ಯುತಿರಂಧ್ರದ ಸಂಖ್ಯೆಯನ್ನು, ಗುರುತಿಸಿದ ಸಂಖ್ಯೆಯನ್ನು ವರ್ಧನೆಗೆ ಒಂದು ಕೂಡಿಸಿ ಬಂದ ಮೊತ್ತದಿಂದ ಗುಣಿಸಿ ಪಡೆಯುತ್ತಾರೆ. 5 ಪಟ್ಟು ವರ್ಧನೆಯಲ್ಲಿ ಎಫ್/5.6 ಎಂಬುದು ವಾಸ್ತವದಲ್ಲಿ ಎಫ್/33.6 ಆಗಿ ಕೆಲಸ ಮಾಡುತ್ತದೆ ಮತ್ತು ಸಂವೇದಕವನ್ನು ತಲುಪುವ ಬೆಳಕು 36ರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ.

ವಿವರ್ತನೆ: ದ್ಯುತಿರಂಧ್ರವನ್ನು ಕಿರಿದಾಗಿಸಿದರೆ ಸ್ಪಷ್ಟತೆಯ ಆಳ ಹೆಚ್ಚುತ್ತದೆ. ಆದರೆ ಬೆಳಕು ಕಿರಿದಾದ ರಂಧ್ರದ ಅಂಚಿನಲ್ಲಿ ಬಾಗುವುದರಿಂದ ಇಡೀ ಚಿತ್ರ ಮೃದುವಾಗುತ್ತದೆ. 5 ಪಟ್ಟು ವರ್ಧನೆಯಲ್ಲಿ ಎಫ್/5.6 ಇದ್ದಾಗ ಒಂದು ಬಿಂದುವಿನ ಬೆಳಕು ಸಂವೇದಕದ ಮೇಲೆ ಸುಮಾರು 45 ಮೈಕ್ರೊಮೀಟರ್ ವ್ಯಾಸದ ತಟ್ಟೆಯಾಗಿ ಹರಡುತ್ತದೆ. ಎಫ್/16ಕ್ಕೆ ಇಳಿಸಿದರೆ ಆ ತಟ್ಟೆ ಸುಮಾರು 129 ಮೈಕ್ರೊಮೀಟರ್ ಆಗುತ್ತದೆ. ಆಗ ಆಳ 0.23 ಮಿ.ಮೀ.ಗೆ ಏರಿದರೂ ರೋಮ, ಹುರುಪೆಗಳಂತಹ ಸೂಕ್ಷ್ಮ ವಿವರಗಳು ಅಳಿಸಿಹೋಗುತ್ತವೆ. ಆಳ ಮತ್ತು ವಿವರ ಎರಡನ್ನೂ ಒಂದೇ ಚಿತ್ರದಲ್ಲಿ ಪೂರ್ಣವಾಗಿ ಪಡೆಯಲಾಗದು ಎಂಬುದು ಈ ಪ್ರಕಾರದ ಮೂಲಭೂತ ಮಿತಿ.

ಚಲನೆ: ಮಸೂರವು ಕೀಟದಂತೆಯೇ ಅದರ ಚಲನೆಯನ್ನೂ ಕೈನಡುಕವನ್ನೂ ವರ್ಧಿಸುತ್ತದೆ. ಸೆಕೆಂಡಿಗೆ 1 ಮಿ.ಮೀ. ವೇಗದಲ್ಲಿ ಚಲಿಸುವ ಕೀಟದ ಬಿಂಬವು 5 ಪಟ್ಟು ವರ್ಧನೆಯಲ್ಲಿ ಸೆಕೆಂಡಿಗೆ 5 ಮಿ.ಮೀ. ಸರಿಯುತ್ತದೆ. ಸೆಕೆಂಡಿನ 200ನೆಯ ಒಂದು ಭಾಗದ ಅವಧಿಯಲ್ಲಿ ಅದು 25 ಮೈಕ್ರೊಮೀಟರ್ ಜರುಗಿ ಚಿತ್ರವನ್ನು ಕೆಡಿಸುತ್ತದೆ.

ಉಪಕರಣಗಳು

ಅಧಿಕ ವರ್ಧನೆಯನ್ನು ಹಲವು ಮಾರ್ಗಗಳಿಂದ ಪಡೆಯಬಹುದು.

• ವಿಶೇಷ ಮ್ಯಾಕ್ರೋ ಮಸೂರ: 1 ಪಟ್ಟಿಗಿಂತ ಹೆಚ್ಚಿನ ವರ್ಧನೆಗೆಂದೇ ರೂಪಿಸಿದ ಮಸೂರಗಳು. ಇವುಗಳಲ್ಲಿ ಹಲವು ದೂರದ ವಸ್ತುಗಳನ್ನು ಚಿತ್ರಿಸಲಾರವು. ಎಂಪಿ-ಇ 65 ಮಸೂರದಲ್ಲಿ ಸ್ವಯಂಚಾಲಿತ ಫೋಕಸ್ ಇಲ್ಲ. ಮಸೂರದ ತುದಿಗೂ ಕೀಟಕ್ಕೂ ಇರುವ ಅಂತರ 1 ಪಟ್ಟಿನಲ್ಲಿ 101 ಮಿ.ಮೀ., 5 ಪಟ್ಟಿನಲ್ಲಿ 41 ಮಿ.ಮೀ.
• ವಿಸ್ತರಣಾ ನಳಿಗೆ: ಕ್ಯಾಮೆರಾ ಮತ್ತು ಮಸೂರದ ನಡುವೆ ಇಡುವ, ಗಾಜಿಲ್ಲದ ಟೊಳ್ಳು ಕೊಳವೆ. 50 ಮಿ.ಮೀ. ಮಸೂರಕ್ಕೆ 50 ಮಿ.ಮೀ. ನಳಿಗೆ ಸೇರಿಸಿದರೆ ಸುಮಾರು 1 ಪಟ್ಟು ವರ್ಧನೆ ದೊರೆಯುತ್ತದೆ.
• ತಿರುಗಿಸಿದ ಮಸೂರ: ಸಾಮಾನ್ಯ ಮಸೂರವನ್ನು ಹಿಂದುಮುಂದಾಗಿ ಜೋಡಿಸುವ ಅಗ್ಗದ ವಿಧಾನ. ಸಂಗಮದೂರ ಕಡಿಮೆಯಾದಷ್ಟೂ ವರ್ಧನೆ ಹೆಚ್ಚುತ್ತದೆ. ಹಳೆಯ ಫಿಲ್ಮ್ ಕ್ಯಾಮೆರಾಗಳ, ದ್ಯುತಿರಂಧ್ರದ ಬಳೆ ಇರುವ ಮಸೂರಗಳು ಇದಕ್ಕೆ ಅನುಕೂಲ.
• ಜೋಡಿ ಮಸೂರ: 200 ಮಿ.ಮೀ. ಟೆಲಿಫೋಟೊ ಮಸೂರದ ಮುಂದೆ 50 ಮಿ.ಮೀ. ಮಸೂರವನ್ನು ತಿರುಗಿಸಿ ಜೋಡಿಸಿದರೆ 4 ಪಟ್ಟು ವರ್ಧನೆ ಬರುತ್ತದೆ.
• ಸಮೀಪ ಮಸೂರ: ಇರುವ ಮಸೂರದ ಮುಂಭಾಗಕ್ಕೆ ಸಿಕ್ಕಿಸುವ ಉಬ್ಬು ಮಸೂರ. ರೇನಾಕ್ಸ್ ಡಿಸಿಆರ್-250 ಇದಕ್ಕೆ ಪ್ರಸಿದ್ಧ ಉದಾಹರಣೆ. ಇದರ ಸಾಮರ್ಥ್ಯ 8 ಡಯಾಪ್ಟರ್.
• ಸೂಕ್ಷ್ಮದರ್ಶಕದ ವಸ್ತುಮಸೂರ: ಸ್ಥಿರ ಮಾದರಿಗಳನ್ನು 5, 10 ಅಥವಾ 20 ಪಟ್ಟು ವರ್ಧನೆಯಲ್ಲಿ ಚಿತ್ರಿಸಲು ಬಳಸುತ್ತಾರೆ.
• ಮೊಬೈಲ್ ಕ್ಲಿಪ್ ಮಸೂರ: ಮೊಬೈಲ್ ಫೋನಿನ ಕ್ಯಾಮೆರಾದ ಮೇಲೆ ಸಿಕ್ಕಿಸುವ ಚಿಕ್ಕ ಮಸೂರ. ವಿದ್ಯಾರ್ಥಿಗಳು ಮತ್ತು ರೈತರು ಕಡಿಮೆ ಖರ್ಚಿನಲ್ಲಿ ಕೀಟವನ್ನು ದಾಖಲಿಸಲು ಇದು ಸಾಕಾಗುತ್ತದೆ.

ಬೆಳಕಿನ ವ್ಯವಸ್ಥೆ

ಬೆಳಕಿನ ಕೊರತೆ ಮತ್ತು ಚಲನೆ ಎರಡಕ್ಕೂ ಸಾಮಾನ್ಯ ಪರಿಹಾರ ಫ್ಲ್ಯಾಷ್. ಕಡಿಮೆ ಶಕ್ತಿಯಲ್ಲಿ ಬಳಸಿದಾಗ ಫ್ಲ್ಯಾಷ್‌ನ ಮಿಂಚು ಸೆಕೆಂಡಿನ ಹತ್ತು ಸಾವಿರದ ಒಂದು ಭಾಗದಷ್ಟು ಅಥವಾ ಅದಕ್ಕಿಂತ ಕಡಿಮೆ ಕಾಲ ಇರುವುದರಿಂದ ಕೀಟದ ಚಲನೆ ಚಿತ್ರದಲ್ಲಿ ನಿಂತುಹೋಗುತ್ತದೆ. ಆದರೆ ಜೀರುಂಡೆ, ಇರುವೆ, ಕಣಜಗಳ ಹೊರಕವಚ ಕನ್ನಡಿಯಂತೆ ಹೊಳೆಯುತ್ತದೆ. ನೇರವಾಗಿ ಬಿದ್ದ ಫ್ಲ್ಯಾಷ್ ಬೆಳಕು ಬಿಳಿಯ ಮಚ್ಚೆಗಳನ್ನು ಮೂಡಿಸಿ ಅಡಿಯಲ್ಲಿನ ಬಣ್ಣ ಮತ್ತು ರಚನೆಯನ್ನು ಮರೆಮಾಡುತ್ತದೆ. ಆದ್ದರಿಂದ ಫ್ಲ್ಯಾಷ್ ಮತ್ತು ಕೀಟದ ನಡುವೆ ಬೆಳಕನ್ನು ಹರಡುವ ಡಿಫ್ಯೂಸರ್ ಇಡುತ್ತಾರೆ. ಬಿಳಿ ಪ್ಲಾಸ್ಟಿಕ್ ಹಾಳೆ, ಟ್ರೇಸಿಂಗ್ ಕಾಗದ ಅಥವಾ ಥರ್ಮಾಕೋಲ್ ಲೋಟದಿಂದ ಇದನ್ನು ಮನೆಯಲ್ಲಿಯೇ ಮಾಡಿಕೊಳ್ಳಬಹುದು. ಡಿಫ್ಯೂಸರ್ ಕೀಟಕ್ಕೆ ಹತ್ತಿರವಾಗಿ, ಅಗಲವಾಗಿ ಇದ್ದಷ್ಟೂ ನೆರಳು ಮೃದುವಾಗುತ್ತದೆ.

ಫೋಕಸ್ ಸ್ಟ್ಯಾಕಿಂಗ್

ಒಂದೇ ಚಿತ್ರದಲ್ಲಿ ದೊರೆಯದ ಆಳವನ್ನು ಹಲವು ಚಿತ್ರಗಳಿಂದ ಕೂಡಿಸಿ ಪಡೆಯುವ ವಿಧಾನಕ್ಕೆ ಫೋಕಸ್ ಸ್ಟ್ಯಾಕಿಂಗ್ ಎಂದು ಹೆಸರು. ಕೀಟದ ಹತ್ತಿರದ ಅಂಚಿನಿಂದ ದೂರದ ಅಂಚಿನವರೆಗೆ ಕ್ಯಾಮೆರಾವನ್ನು ಸ್ವಲ್ಪ ಸ್ವಲ್ಪವೇ ಸರಿಸುತ್ತಾ ಸಾಲಾಗಿ ಚಿತ್ರ ತೆಗೆದು, ಪ್ರತಿಯೊಂದರ ಸ್ಪಷ್ಟ ಭಾಗವನ್ನು ಮಾತ್ರ ತಂತ್ರಾಂಶದಿಂದ ಆಯ್ದು ಒಂದಾಗಿಸಲಾಗುತ್ತದೆ. ಪ್ರತಿ ಹೆಜ್ಜೆಯೂ ಸ್ಪಷ್ಟತೆಯ ಆಳಕ್ಕಿಂತ ಚಿಕ್ಕದಾಗಿದ್ದು, ಪಕ್ಕದ ಚಿತ್ರಗಳು ಸ್ವಲ್ಪ ಒಂದರ ಮೇಲೊಂದು ಬರುವಂತಿರಬೇಕು. 5 ಪಟ್ಟು ವರ್ಧನೆಯಲ್ಲಿ, ಎಫ್/5.6ರಲ್ಲಿ, 2 ಮಿ.ಮೀ. ದಪ್ಪದ ಕೀಟವನ್ನು 0.05 ಮಿ.ಮೀ. ಹೆಜ್ಜೆಗಳಲ್ಲಿ ಚಿತ್ರಿಸಲು ಸುಮಾರು 40 ಚಿತ್ರಗಳು ಬೇಕಾಗುತ್ತವೆ.

ಹೆಲಿಕಾನ್ ಫೋಕಸ್ ಮತ್ತು ಝೆರೀನ್ ಸ್ಟ್ಯಾಕರ್ ಈ ಕೆಲಸಕ್ಕೆ ಹೆಸರಾದ ವಾಣಿಜ್ಯ ತಂತ್ರಾಂಶಗಳು. ಹ್ಯೂಗಿನ್ ಮತ್ತು ಎನ್‌ಫ್ಯೂಸ್ ಎಂಬ ಮುಕ್ತ ತಂತ್ರಾಂಶಗಳಿಂದಲೂ ಇದನ್ನು ಮಾಡಬಹುದು. ಕೀಟವು ಮಧ್ಯೆ ಅಲುಗಿದರೆ ಜೋಡಿಸಿದ ಚಿತ್ರದಲ್ಲಿ ಒಂದು ಮೀಸೆ ಎರಡಾಗಿ, ಕಾಲು ತುಂಡಾಗಿ ಕಾಣುತ್ತದೆ. ಇಂತಹ ದೋಷಗಳನ್ನು ಕೀಟದ ನಿಜವಾದ ಲಕ್ಷಣವೆಂದು ಭಾವಿಸುವ ಅಪಾಯವಿರುವುದರಿಂದ, ವೈಜ್ಞಾನಿಕ ಬಳಕೆಗೆ ಮೂಲ ಚಿತ್ರಗಳನ್ನೂ ಉಳಿಸಿಕೊಳ್ಳುವುದು ರೂಢಿ.

ಕ್ಷೇತ್ರದಲ್ಲಿ ಚಿತ್ರೀಕರಣ

ಕೀಟಗಳ ದೇಹದ ಉಷ್ಣತೆ ಪರಿಸರವನ್ನು ಅನುಸರಿಸುವುದರಿಂದ ತಂಪಾದ ಮುಂಜಾವಿನಲ್ಲಿ ಅವು ನಿಧಾನವಾಗಿರುತ್ತವೆ. ಬಯಲುಸೀಮೆಯಲ್ಲಿ ಮಾಗಿಯ ಬೆಳಗು, ಬಿಸಿಲೇರಿ ಗಾಳಿ ಬೀಸುವ ಮೊದಲಿನ ಒಂದೆರಡು ಗಂಟೆ, ಇದಕ್ಕೆ ಸೂಕ್ತ ಕಾಲ. ಹೆಚ್ಚಿನ ವರ್ಧನೆಯಲ್ಲಿ ಫೋಕಸ್ ಬಳೆಯನ್ನು ತಿರುಗಿಸುವ ಬದಲು ಮೊದಲೇ ವರ್ಧನೆಯನ್ನು ನಿಗದಿಪಡಿಸಿ, ದೇಹವನ್ನು ಮೆಲ್ಲನೆ ಹಿಂದೆ ಮುಂದೆ ತೂಗಿ, ಕೀಟದ ಕಣ್ಣು ಸ್ಪಷ್ಟವಾದ ಕ್ಷಣದಲ್ಲಿ ಗುಂಡಿ ಒತ್ತುವುದು ರೂಢಿ. ಎಡಗೈಯಲ್ಲಿ ಎಲೆಯ ತೊಟ್ಟನ್ನು ಹಿಡಿದು ಅದೇ ಕೈಯ ಮೇಲೆ ಮಸೂರವನ್ನು ಊರಿದರೆ ಎಲೆ ಮತ್ತು ಕ್ಯಾಮೆರಾ ಒಟ್ಟಿಗೆ ಅಲುಗುವುದರಿಂದ ಅವುಗಳ ನಡುವಿನ ಅಂತರ ಬದಲಾಗದು. ಛಾಯಾಗ್ರಾಹಕರ ನೆರಳು ಕೀಟದ ಮೇಲೆ ಬೀಳದಂತೆ ಪಕ್ಕದಿಂದ ಸಮೀಪಿಸಬೇಕು.

ಕರ್ನಾಟಕದಲ್ಲಿ

ಕರ್ನಾಟಕದಲ್ಲಿ ನಿಸರ್ಗ ಛಾಯಾಗ್ರಹಣಕ್ಕೆ ದೀರ್ಘ ಪರಂಪರೆಯಿದೆ. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ (1932–2017), ಮೂಡಿಗೆರೆಯಲ್ಲಿ ನೆಲೆಸಿದ್ದ ಲೇಖಕ ಕೆ.ಪಿ. ಪೂರ್ಣಚಂದ್ರ ತೇಜಸ್ವಿ (1938–2007) ಮೊದಲಾದವರು ಇದಕ್ಕೆ ಓದುಗರನ್ನೂ ನೋಡುಗರನ್ನೂ ಗಳಿಸಿಕೊಟ್ಟರು. 1971ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಹವ್ಯಾಸಿಗಳ ಹಳೆಯ ಸಂಘಗಳಲ್ಲೊಂದು.

ವೈಜ್ಞಾನಿಕ ಬಳಕೆಯ ದೃಷ್ಟಿಯಿಂದ ಬೆಂಗಳೂರಿನಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಮುಖ್ಯವಾದ ಸಂಸ್ಥೆ. 1993ರಲ್ಲಿ ಜೈವಿಕ ನಿಯಂತ್ರಣ ಯೋಜನಾ ನಿರ್ದೇಶನಾಲಯವಾಗಿ ಆರಂಭವಾದ ಇದು ಬೆಳೆಗಳ ಕೀಟಗಳನ್ನೂ ಅವುಗಳ ನೈಸರ್ಗಿಕ ಶತ್ರುಗಳನ್ನೂ ಚಿತ್ರಗಳ ಮೂಲಕ ಅಂತರಜಾಲದಲ್ಲಿ ಪರಿಚಯಿಸುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿ ಕೀಟಗಳ ದೊಡ್ಡ ಸಂಗ್ರಹವಿದೆ. ಜಿಗಿಹುಳುಗಳ ವರ್ಗೀಕರಣದಲ್ಲಿ ಹೆಸರಾದ ಸಿ.ಎ. ವಿರಕ್ತಮಠ ಅವರು ಸೇವೆ ಸಲ್ಲಿಸಿದ್ದು ಇದೇ ವಿಶ್ವವಿದ್ಯಾಲಯದಲ್ಲಿ.

ಕೋಲಾರ ಜಿಲ್ಲೆಯ ಬೆಳೆಗಳಲ್ಲಿ ಬಳಕೆ

ಕೋಲಾರ ಜಿಲ್ಲೆ ಟೊಮ್ಯಾಟೊ ಮತ್ತು ರೇಷ್ಮೆಗೆ, ಅದರ ಶ್ರೀನಿವಾಸಪುರ ತಾಲ್ಲೂಕು ಮಾವಿಗೆ ಪ್ರಸಿದ್ಧ. ಆಂಧ್ರಪ್ರದೇಶದ ಗಡಿಗೆ ಹೊಂದಿಕೊಂಡಿರುವ ಮುಳಬಾಗಿಲು ತಾಲ್ಲೂಕಿನ ನಂಗಲಿಯಿಂದ ಪಶ್ಚಿಮದ ಮಾಲೂರಿನವರೆಗಿನ ಈ ಪ್ರದೇಶದಲ್ಲಿ ಬೆಳೆಯ ಏಳುಬೀಳುಗಳನ್ನು ನಿರ್ಧರಿಸುವ ಹಲವು ಜೀವಿಗಳು ಕೆಲವೇ ಮಿಲಿಮೀಟರ್ ಉದ್ದದವು. ತಪ್ಪಾಗಿ ಗುರುತಿಸಿದರೆ ತಪ್ಪು ಔಷಧಿಗೆ ಹಣ ವ್ಯಯವಾಗುವುದಲ್ಲದೆ ಉಪಕಾರಿ ಕೀಟಗಳೂ ನಾಶವಾಗುತ್ತವೆ. ಮ್ಯಾಕ್ರೋ ಚಿತ್ರ ನೆರವಾಗುವ ಕೆಲವು ಸಂದರ್ಭಗಳು ಹೀಗಿವೆ:

• ಹಿಪ್ಪುನೇರಳೆಯ ತುಕ್ರಾ: ಚಿಗುರು ಮುದುಡಿ ಗಂಟಾಗುವ ಇದು ನೋಡಲು ರೋಗದಂತಿದ್ದರೂ ಇದಕ್ಕೆ ಕಾರಣ ಗುಲಾಬಿ ಹಿಟ್ಟು ತಿಗಣೆ. ಇದನ್ನು ತಿನ್ನುವ ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳುವನ್ನು 1898ರಲ್ಲಿ ಭಾರತಕ್ಕೆ ತರಲಾಯಿತು. ಅದರ ಮರಿಹುಳುವಿನ ಮೈಮೇಲೂ ಬಿಳಿ ಮೇಣದ ಎಳೆಗಳಿರುವುದರಿಂದ ಅದು ಹಿಟ್ಟು ತಿಗಣೆಯಂತೆಯೇ ಕಾಣುತ್ತದೆ. ಉಪಕಾರಿಯನ್ನೇ ಪೀಡೆಯೆಂದು ಕೊಲ್ಲುವ ಸಾಧ್ಯತೆಯಿದೆ. ಸಮೀಪದ ಚಿತ್ರದಲ್ಲಿ ಮರಿಹುಳುವಿನ ಉದ್ದನೆಯ ಮೇಣದ ಎಳೆಗಳು, ಚುರುಕಾದ ಕಾಲುಗಳು ಮತ್ತು ಕಚ್ಚುವ ದವಡೆಗಳು ವ್ಯತ್ಯಾಸವನ್ನು ತೋರಿಸುತ್ತವೆ.
• ಪಪ್ಪಾಯ ಹಿಟ್ಟು ತಿಗಣೆ: ಭಾರತದಲ್ಲಿ 2008ರಲ್ಲಿ ಕೊಯಮತ್ತೂರಿನಲ್ಲಿ ಮೊದಲು ಕಂಡುಬಂದು ಪಪ್ಪಾಯ, ಹಿಪ್ಪುನೇರಳೆಗಳಿಗೆ ಹರಡಿತು. 2010ರಲ್ಲಿ ಬೆಂಗಳೂರಿನ ಮೇಲ್ಕಂಡ ಸಂಸ್ಥೆ ಪೋರ್ಟೊರಿಕೊದಿಂದ ತರಿಸಿದ ಅಸೆರೊಫೇಗಸ್ ಪಪಾಯೆ ಮುಂತಾದ ಪುಟ್ಟ ಪರತಂತ್ರ ಕಣಜಗಳಿಂದ ಅದು ಹತೋಟಿಗೆ ಬಂದಿತು. ಕಣಜ ಕಾಣದಿದ್ದರೂ, ಗಟ್ಟಿಯಾಗಿ ಉಬ್ಬಿದ ತಿಗಣೆಯ ಮೇಲಿನ ದುಂಡು ರಂಧ್ರವು ಕಣಜ ಹೊರಬಂದಿರುವುದಕ್ಕೆ ಸಾಕ್ಷಿ.
• ಟೊಮ್ಯಾಟೊ: ಎಲೆ ಮುದುಡು ನಂಜುರೋಗವನ್ನು ಹರಡುವ ಬಿಳಿನೊಣ ಸುಮಾರು 1 ಮಿ.ಮೀ. ಉದ್ದದ್ದು. ಎಲೆಯಡಿಯ ಕೆಂಪು ನುಸಿ ಅದಕ್ಕಿಂತಲೂ ಚಿಕ್ಕದು. ನುಸಿಗೆ ಎಂಟು ಕಾಲುಗಳು, ಕೀಟಕ್ಕೆ ಆರು. ಹಲವು ಕೀಟನಾಶಕಗಳು ನುಸಿಯ ಮೇಲೆ ಪರಿಣಾಮ ಬೀರದ ಕಾರಣ ಕಾಲುಗಳ ಈ ಎಣಿಕೆಗೆ ಪ್ರಾಯೋಗಿಕ ಮಹತ್ವವಿದೆ. ದಕ್ಷಿಣ ಅಮೆರಿಕ ಮೂಲದ, ಎಲೆಯಲ್ಲಿ ಸುರಂಗ ಕೊರೆಯುವ ಟೂಟಾ ಅಬ್ಸೊಲೂಟಾ ಪತಂಗ ಭಾರತದಲ್ಲಿ 2014ರಲ್ಲಿ ಮೊದಲು ದಾಖಲಾಯಿತು.
• ಗುಲಗಂಜಿ ಹುಳುಗಳು: ಸಸ್ಯಹೇನುಗಳನ್ನು ತಿನ್ನುವ ಗುಲಗಂಜಿ ಹುಳುಗಳ ಬೆನ್ನು ಸಾಮಾನ್ಯವಾಗಿ ನುಣುಪಾಗಿ ಹೊಳೆಯುತ್ತದೆ. ಬದನೆ, ಟೊಮ್ಯಾಟೊ ಎಲೆಗಳನ್ನು ಕೆರೆದು ತಿನ್ನುವ ಎಪಿಲಾಕ್ನಾ ಜೀರುಂಡೆಯ ಬೆನ್ನಿನ ಮೇಲೆ ಸಣ್ಣ ರೋಮಗಳಿದ್ದು ಮಬ್ಬಾಗಿ ಕಾಣುತ್ತದೆ. ಡಿಫ್ಯೂಸರ್ ಬಳಸಿದ ಚಿತ್ರದಲ್ಲಿ ಈ ರೋಮಗಳು ಎದ್ದುಕಾಣುತ್ತವೆ.
• ಮಾವು: ಹೂಗೊಂಚಲಿನ ರಸ ಹೀರುವ ಜಿಗಿಹುಳುಗಳಲ್ಲಿ ಇಡಿಯೊಸ್ಕೋಪಸ್ ಮತ್ತು ಅಮೃತೋಡಸ್ ಕುಲಗಳು ಮುಖ್ಯ. ಇವು 3ರಿಂದ 5 ಮಿ.ಮೀ. ಉದ್ದವಿದ್ದು, ತಲೆ ಹಾಗೂ ಬೆನ್ನಿನ ತ್ರಿಕೋನಾಕಾರದ ಫಲಕದ ಮೇಲಿನ ಚುಕ್ಕೆಗಳಿಂದ ಮೇಲ್ನೋಟಕ್ಕೆ ಬೇರ್ಪಡಿಸಬಹುದು.

ಇಂತಹ ಚಿತ್ರಗಳನ್ನು ಕೃಷಿ ವಿಜ್ಞಾನ ಕೇಂದ್ರಗಳ ತಜ್ಞರಿಗೆ ತೋರಿಸಿ ಸಲಹೆ ಪಡೆಯಬಹುದು. ಕೋಲಾರದ ಟಮಕದಲ್ಲಿ ಕೃಷಿ ವಿಜ್ಞಾನ ಕೇಂದ್ರ ಮತ್ತು ತೋಟಗಾರಿಕೆ ಮಹಾವಿದ್ಯಾಲಯ ಇವೆ.

ದಾಖಲೆಯಾಗಿ ಚಿತ್ರ ಮತ್ತು ಅದರ ಮಿತಿಗಳು

ಸುಂದರವಾದ ಚಿತ್ರವೆಲ್ಲವೂ ಉಪಯುಕ್ತ ದಾಖಲೆಯಲ್ಲ. ದಿನಾಂಕ, ಸ್ಥಳ, ಕೀಟವಿದ್ದ ಸಸ್ಯ ಮತ್ತು ಗಾತ್ರ ಈ ನಾಲ್ಕು ವಿವರಗಳಿಲ್ಲದ ಚಿತ್ರದಿಂದ ತಜ್ಞರಿಗೆ ಹೆಚ್ಚಿನ ಪ್ರಯೋಜನವಾಗದು. ಗಾತ್ರವನ್ನು ತಿಳಿಯಲು ಅದೇ ವರ್ಧನೆಯಲ್ಲಿ ಉಕ್ಕಿನ ಅಳತೆಪಟ್ಟಿಯ ಚಿತ್ರವೊಂದನ್ನು ತೆಗೆದಿಡುತ್ತಾರೆ. 36 ಮಿ.ಮೀ. ಅಗಲದ ಸಂವೇದಕದಲ್ಲಿ 6000 ಚಿತ್ರಬಿಂದುಗಳಿದ್ದರೆ 5 ಪಟ್ಟು ವರ್ಧನೆಯಲ್ಲಿ ಒಂದು ಬಿಂದು 1.2 ಮೈಕ್ರೊಮೀಟರಿಗೆ ಸಮ. ಆಗ 1 ಮಿ.ಮೀ. ಉದ್ದದ ಬಿಳಿನೊಣ ಸುಮಾರು 833 ಬಿಂದುಗಳಷ್ಟು ಜಾಗ ಪಡೆಯುತ್ತದೆ. ಕೀಟವನ್ನು ಮೇಲಿನಿಂದ, ಪಕ್ಕದಿಂದ ಮತ್ತು ಮುಖದ ಕಡೆಯಿಂದ ಚಿತ್ರಿಸುವುದು ಗುರುತಿಸುವಿಕೆಗೆ ಸಹಕಾರಿ.

ಆದರೂ ಚಿತ್ರದಿಂದ ಪ್ರಭೇದವನ್ನು ನಿರ್ಧರಿಸಲು ಯಾವಾಗಲೂ ಸಾಧ್ಯವಿಲ್ಲ. ಜಿಗಿಹುಳುಗಳಂತಹ ಹಲವು ಗುಂಪುಗಳಲ್ಲಿ ಪ್ರಭೇದಗಳ ಖಚಿತ ವ್ಯತ್ಯಾಸವಿರುವುದು ಗಂಡಿನ ಜನನಾಂಗದ ರಚನೆಯಲ್ಲಿ. ಅದಕ್ಕೆ ಮಾದರಿಯನ್ನು ಸಂಗ್ರಹಿಸಿ ಸೂಕ್ಷ್ಮದರ್ಶಕದಡಿ ಪರೀಕ್ಷಿಸಬೇಕಾಗುತ್ತದೆ. ಆದ್ದರಿಂದ ಚಿತ್ರದ ಆಧಾರದ ಮೇಲೆ ಕುಲದ ಅಥವಾ ಕುಟುಂಬದ ಮಟ್ಟದಲ್ಲಿ ನಿಲ್ಲಿಸಿದ ಗುರುತು, ಊಹಿಸಿ ಬರೆದ ಪ್ರಭೇದದ ಹೆಸರಿಗಿಂತ ಹೆಚ್ಚು ವಿಶ್ವಾಸಾರ್ಹ. ಹೀಗೆ ಗುರುತಿಸಿದ ಚಿತ್ರಗಳನ್ನು ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್, ಐನ್ಯಾಚುರಲಿಸ್ಟ್, ವಿಕಿಮೀಡಿಯ ಕಾಮನ್ಸ್ ಮುಂತಾದ ತಾಣಗಳಿಗೆ ಸೇರಿಸಿದರೆ ಅವು ಇತರರ ಅಧ್ಯಯನಕ್ಕೂ ದೊರೆಯುತ್ತವೆ.

ನೈತಿಕ ಅಂಶಗಳು

ಕೀಟವನ್ನು ನಿಲ್ಲಿಸಲು ಶೀತಪೆಟ್ಟಿಗೆಯಲ್ಲಿಡುವುದು, ಅಂಟು ಹಚ್ಚುವುದು, ಕೊಂದು ಜೀವಂತವೆಂಬಂತೆ ಭಂಗಿಯಲ್ಲಿ ನಿಲ್ಲಿಸುವುದು ಮುಂತಾದ ಕ್ರಮಗಳು ಟೀಕೆಗೆ ಗುರಿಯಾಗಿವೆ. ಇವು ಕೀಟಕ್ಕೆ ಹಾನಿ ಮಾಡುವುದಲ್ಲದೆ, ಅಸಹಜ ಭಂಗಿ ಮತ್ತು ಸಸ್ಯದ ಆಯ್ಕೆಯಿಂದ ಅದರ ನಡವಳಿಕೆಯ ಕುರಿತು ತಪ್ಪು ಮಾಹಿತಿಯನ್ನೂ ನೀಡುತ್ತವೆ. ಸಂಗ್ರಹಾಲಯದ ಮಾದರಿಯ ಚಿತ್ರವಾಗಿದ್ದರೆ ಅದನ್ನು ಶೀರ್ಷಿಕೆಯಲ್ಲಿ ತಿಳಿಸಬೇಕೆಂಬುದು ಸಾಮಾನ್ಯ ಅಪೇಕ್ಷೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನುಸೂಚಿಗಳಲ್ಲಿ ಕೆಲವು ಚಿಟ್ಟೆ ಮತ್ತು ಜೀರುಂಡೆಗಳೂ ಸೇರಿರುವುದರಿಂದ ಅಂತಹ ಪ್ರಭೇದಗಳನ್ನು ಅನುಮತಿಯಿಲ್ಲದೆ ಹಿಡಿಯುವಂತಿಲ್ಲ. ಚಿತ್ರಕ್ಕಾಗಿ ಮಗುಚಿದ ಕಲ್ಲು, ಬಾಗಿಸಿದ ರೆಂಬೆ ಮತ್ತು ಬಿಡಿಸಿದ ಎಲೆಯನ್ನು ಮೊದಲಿನಂತೆ ಇರಿಸಿ ಬರುವುದು ಕ್ಷೇತ್ರ ಛಾಯಾಗ್ರಾಹಕರ ಒಪ್ಪಿತ ಕ್ರಮವಾಗಿದೆ.